ನಿಲ್ಲಿಸುವ ಗುಂಡಿಯನ್ನು ನಾನು ಎಲ್ಲಿಗೆ ಜೋಡಿಸಿದ್ದೆ

ನಿವೃತ್ತನಾದ ಮೇಲೆ ನನ್ನನ್ನು ಹುಡುಕಿಕೊಂಡು ಬರುವವರು ಕಡಿಮೆ. ಬಂದವರೂ ನನ್ನ ಆರೋಗ್ಯ ವಿಚಾರಿಸಲು ಬರುವುದಿಲ್ಲ. ಕಂಪ್ಯೂಟರಿನಿಂದ ನಡೆಯುವ ಸಣ್ಣ ಯಂತ್ರವನ್ನು ಮನೆಯಲ್ಲೇ ಕಟ್ಟಬೇಕೆಂಬ ಹುಚ್ಚು ಹತ್ತಿದ ಪಾಲಿಟೆಕ್ನಿಕ್ಕಿನವರು, ಒಂದಿಬ್ಬರು ವೆಲ್ಡಿಂಗ್ ಅಂಗಡಿಯವರು, ಇಷ್ಟೇ. ಕೂತ ಕೂಡಲೇ ಕೇಳುತ್ತಾರೆ, "ಕಾಕಾ, ಯಾವ ಕಾರ್ಡ್ ತಗೊಳ್ಳೋಣ್ರಿ?" ಕಂಪ್ಯೂಟರಿಗೂ ಮೋಟಾರಿಗೂ ನಡುವೆ ಹಾಕುವ ಆ ಕಾರ್ಡಿನ ಹೆಸರು ನಾನು ಹೇಳುವುದಿಲ್ಲ. ಇವತ್ತು ಹೇಳಿದ ಕಾರ್ಡು ಬರುವ ವರ್ಷ ಅಂಗಡಿಯಲ್ಲಿ ಇರುವುದೂ ಇಲ್ಲ. ಹೇಳಬೇಕಾದ ಮಾತು ಬೇರೆಯೇ ಇದೆ. ಅದನ್ನು ಎದುರಿಗೆ ಕೂತವರ ಮುಖ ನೋಡಿ ಹೇಳಲು ನನಗೆ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹುಮನಾಬಾದಿನ ಹೊರಗೆ ಒಂದು ಕಾರ್ಖಾನೆಯಲ್ಲಿ ನಾನು ಎಲೆಕ್ಟ್ರಿಷಿಯನ್ ಆಗಿದ್ದೆ. ಬಡ್ತಿ ಬಂದದ್ದು, ತಪ್ಪಿದ್ದು ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಈ ಕೆಲಸಕ್ಕೆ ಬರುವವರು ಒಂದು ತಿಳಿದಿರಬೇಕು. ಯಂತ್ರ ನಡೆಯುತ್ತಿರುವಾಗ ನಿಮ್ಮ ಹೆಸರು ಯಾರಿಗೂ ನೆನಪಿರುವುದಿಲ್ಲ. ನಿಂತಾಗ ಮಾತ್ರ ನಿಮ್ಮಪ್ಪನ ಹೆಸರೂ ನೆನಪಾಗುತ್ತದೆ. ಪೆಟ್ಟಿಗೆಯ ಬಾಗಿಲು ತೆಗೆದು ನೀವು ತಂತಿ ಹುಡುಕುತ್ತಿರುತ್ತೀರಿ, ಹಿಂದೆ ಹತ್ತು ಜನ ಕೈಕಟ್ಟಿ ನಿಂತು "ಆತೇನು, ಆತೇನು" ಅನ್ನುತ್ತಿರುತ್ತಾರೆ. ಸರಿಹೋದ ಮೇಲೆ ಹತ್ತೂ ಜನ ಚಹಾಕ್ಕೆ ಹೋಗುತ್ತಾರೆ, ನೀವು ಒಬ್ಬರೇ ಕೈ ಒರೆಸಿಕೊಳ್ಳುತ್ತೀರಿ.

ನಮ್ಮ ವಿಭಾಗಕ್ಕೆ ಜೋಶಿ ಸಾಹೇಬರು ಎಂಬ ಎಂಜಿನಿಯರ್ ಇದ್ದರು. ಬೈಯುವ ಮನುಷ್ಯರಲ್ಲ, ಅದೇ ಹೆದರಿಕೆ. ನಾನು ಹೊಸಬನಿದ್ದಾಗ ಒಂದು ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಿ ಜೋಡಿಸಿಬಿಟ್ಟೆ. ನಿಲ್ಲು ಎಂದರೆ ಓಡು ಎಂದು ತಿಳಿದು ಅದು ಹುಚ್ಚು ಹಿಡಿದಂತೆ ತಿರುಗಿತು, ಪಟ್ಟಾ ಹರಿದು ಗೋಡೆಗೆ ಬಿತ್ತು. ಸಾಹೇಬರು ಬಂದು ಸುಮ್ಮನೆ ಕೇಳಿದರು, "ಏನ್ ಕಲ್ತಿ?"

"ತಂತಿ ಅದಲುಬದಲ ಆಗಿತ್ರಿ."

"ಅದು ಕಲ್ತದ್ದಲ್ಲ, ಕಂಡದ್ದು. ತಂತಿ ಇವತ್ತ ಅದಲುಬದಲ ಆತು, ನಾಳಿ ಹರೀತದ. ಕೆಟ್ಟಾಗ ಅದು ಏನ್ ಮಾಡ್ತದ, ಅದನ್ನ ಮೊದಲ ನೋಡು. ನಡಿಯಾಗ ಏನ್ ಮಾಡ್ತದ ಅನ್ನೋದು ಎಲ್ಲಾರಿಗೂ ಗೊತ್ತಿರ್ತದ."

ಹೌದ್ರಿ ಎಂದು ತಲೆ ಅಲ್ಲಾಡಿಸಿದೆ. ತಲೆಯೊಳಗೆ ಏನೂ ಹೋಗಲಿಲ್ಲ.

ಮದುವೆಯಾದ ಮೂರನೇ ವರ್ಷಕ್ಕೆ ನನ್ನ ಹೆಂಡತಿ ಜ್ವರದಲ್ಲಿ ತೀರಿಕೊಂಡಳು. ಮಕ್ಕಳಿರಲಿಲ್ಲ. ಊರು ದುಬಲಗುಂಡಿ, ಅಣ್ಣಂದಿರು ಅಲ್ಲೇ ಹೊಲ ಮಾಡಿಕೊಂಡಿದ್ದರು. ಹೋದರೆ ತೊಗರಿಯ ಮಾತು, ಜೋಳದ ಮಾತು, ಆಮೇಲೆ ನನ್ನ ಎರಡನೇ ಮದುವೆಯ ಮಾತು. ಹೋಗುವುದನ್ನೇ ಕಡಿಮೆ ಮಾಡಿದೆ. ಹುಮನಾಬಾದಿನಲ್ಲಿ ಒಂದು ಬಾಡಿಗೆ ಖೋಲಿ, ಒಂದು ಸ್ಟೋವು, ಹಳೆಯ ಕಂಪ್ಯೂಟರು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಆ ಊರಲ್ಲಿ ಕಂಪ್ಯೂಟರಿನಿಂದ ಮೋಟಾರು ತಿರುಗಿಸುವ ಮಾತು ಕೇಳುವ ಕಿವಿ ಒಂದೂ ಇರಲಿಲ್ಲ. ಭಾನುವಾರ ಬೆಳಗಾದರೆ ಸಾಕು, ಇದು ಯಾವಾಗ ಮುಗಿಯುತ್ತದೋ ಅನ್ನಿಸುತ್ತಿತ್ತು.

ಆ ದಿನಗಳಲ್ಲಿ ಕಾರ್ಖಾನೆಯ ಬಾಗಿಲಿಗೆ ಹೆಸರಿನ ಕಲ್ಲು ಬೇಕಾಗಿ ನನ್ನನ್ನು ಬಸವಕಲ್ಯಾಣಕ್ಕೆ ಕಳಿಸಿದರು. ಮೋರಖಂಡಿ ಕಡೆ ಹೋಗುವ ರಸ್ತೆಯಲ್ಲಿ ತಗಡಿನ ಶೆಡ್ಡು. ಅಲ್ಲಿ ಮಾಣಿಕಪ್ಪ ಎಂಬುವರು ಶಹಾಬಾದ್ ಫರಸಿ ಕಲ್ಲಿನ ಮೇಲೆ ಅಕ್ಷರ ಕೊರೆಯುತ್ತಿದ್ದರು. ಸುತ್ತಲಿನ ಹಳ್ಳಿಗಳ ಶಾಲೆ, ಬಾವಿ, ಗುಡಿ, ಗೋರಿ ಎಲ್ಲದರ ಮೇಲೂ ಇದ್ದದ್ದು ಅವರದೇ ಅಕ್ಷರ. ನಾನು ಹೋದಾಗ ಅವರು ಕೈಯಲ್ಲಿ ಉಳಿ ಹಿಡಿದು ಸುಮ್ಮನೆ ಕೂತಿದ್ದರು. ಕೈ ನಡುಗುತ್ತಿತ್ತು.

"ಬ್ಯಾರೆ ಕಡೆ ನೋಡಪ್ಪ," ಅಂದರು. "ಬರ್ಯಾಕ ಬರ್ತದ, ಕಡ್ಯಾಕ ಬರಂಗಿಲ್ಲ. ಪೆನ್ಸಿಲ್ ನಾ ಹೇಳಿದಂಗ ಕೇಳ್ತದ, ಉಳಿ ಕೇಳವಲ್ದು."

ಅವರ ಹೆಂಡತಿ ನಾಗಮ್ಮ ಒಳಗಿನಿಂದ ಒಂದು ದಪ್ಪ ವಹಿ ತಂದು ನನ್ನ ಮುಂದೆ ಇಟ್ಟರು. ಪುಟದ ತುಂಬ ಪೆನ್ಸಿಲಿನಲ್ಲಿ ಬರೆದ ಅಕ್ಷರಗಳು. ಪುಟಕ್ಕೊಂದು ಅಕ್ಷರ, ಅದರ ಗುಣಿತ, ಅದರ ಒತ್ತು. ನಿಧಾನಕ್ಕೆ, ಒಂದು ಗೆರೆಗೆ ಎರಡು ಸಲ ಉಸಿರು ಬಿಟ್ಟು ಬರೆದದ್ದು. ಅದನ್ನು ನೋಡುತ್ತ ನನ್ನ ಬಾಯಿಂದ ಮಾತು ಬಂದುಬಿಟ್ಟಿತು, "ಇದನ್ನ ಮಿಷನ್ ಕಡೀತದ್ರಿ. ನಾ ಮಾಡಿ ಕೊಡ್ತೀನಿ."

ಮಾಣಿಕಪ್ಪ ನಕ್ಕರು. "ಮಾಡು. ಹೆಂಗೂ ನನ್ನ ಕೈ ಬೇಕಾರ ಆಗ್ಯಾದ."

ಅಲ್ಲಿಂದ ನನ್ನ ಭಾನುವಾರಗಳು ಬದಲಾದವು. ಬೆಳಗಿನ ಬಸ್ಸಿಗೆ ಬಸವಕಲ್ಯಾಣ, ಸಂಜೆಯ ಬಸ್ಸಿಗೆ ವಾಪಸ್. ಕಾರ್ಖಾನೆಯಲ್ಲಿ ಬಿಚ್ಚಿ ಎಸೆದಿದ್ದ ಪ್ಯಾಕಿಂಗ್ ಯಂತ್ರದ ಮೂರು ಸರ್ವೊ ಮೋಟಾರುಗಳನ್ನು ಜೋಶಿ ಸಾಹೇಬರು ಚೀಟಿ ಬರೆದು ಕೊಡಿಸಿದ್ದರು. ಒಂದು ಎಡಕ್ಕೆ ಬಲಕ್ಕೆ, ಒಂದು ಹಿಂದೆ ಮುಂದೆ, ಒಂದು ಮೇಲೆ ಕೆಳಗೆ. ಗರಗರ ತಿರುಗುವ ಕೊರೆಮೊನೆಯನ್ನು ಇವು ಮೂರೂ ಸೇರಿ ಕಲ್ಲಿನ ಮೇಲೆ ನಡೆಸಬೇಕು. ಮಾಣಿಕಪ್ಪನವರ ಒಂದೊಂದು ಅಕ್ಷರವನ್ನೂ ಚೌಕುಳಿ ಹಾಳೆಯ ಮೇಲಿಟ್ಟು ಅಳೆದು ಕಂಪ್ಯೂಟರಿಗೆ ತುಂಬುತ್ತಿದ್ದೆ. ಒಂದು ಅಕ್ಷರಕ್ಕೆ ಎರಡು ಭಾನುವಾರ ಹಿಡಿಯುತ್ತಿತ್ತು. ಬೇಗ ಮುಗಿಯಲಿ ಅಂತ ನನಗೇನೂ ಅನ್ನಿಸುತ್ತಿರಲಿಲ್ಲ.

ಸರ್ವೊ ಮೋಟಾರಿಗೆ ಬೆನ್ನ ಹಿಂದೆ ಒಂದು ಕಣ್ಣಿರುತ್ತದೆ, ಎನ್‌ಕೋಡರ್ ಎನ್ನುತ್ತೇವೆ. ಮೋಟಾರು ಎಷ್ಟು ತಿರುಗಿತು ಎಂದು ಅದು ಎಣಿಸಿ ಹೇಳುತ್ತದೆ. ಕಂಪ್ಯೂಟರಿಗೂ ಮೋಟಾರಿಗೂ ನಡುವೆ ಒಬ್ಬ ಮಧ್ಯಸ್ಥ ಬೇಕು. ಇತ್ತಲಿನ ಅಪ್ಪಣೆ ಅತ್ತ ಮುಟ್ಟಿಸಲು, ಅತ್ತಲಿನ ಸುದ್ದಿ ಇತ್ತ ತರಲು. ಅದೇ ಇಂಟರ್‌ಫೇಸ್ ಕಾರ್ಡು.

ಮೊದಲು ನಾನು ಕಾರ್ಡೇ ಬೇಡ ಎಂದು ಕಂಪ್ಯೂಟರಿನ ಪ್ರಿಂಟರ್ ಪೋರ್ಟಿನಿಂದ ನೇರವಾಗಿ ತಂತಿ ಎಳೆದೆ. ಆಗ ಎಲ್ಲರೂ ಮಾಡುತ್ತಿದ್ದದ್ದೇ ಅದು. ಕಂಪ್ಯೂಟರು ಒಂದು ಮಿಡಿತ ಕಳಿಸಿದರೆ ಮೋಟಾರು ಒಂದು ಹೆಜ್ಜೆ. ನನ್ನ ಖೋಲಿಯಲ್ಲಿ ಚೆನ್ನಾಗಿ ನಡೆಯಿತು. ಶೆಡ್ಡಿಗೆ ತಂದ ಮೇಲೆ 'ಶ್ರೀ' ಕೊರೆಯಲು ಹಚ್ಚಿದರೆ ನಡುವೆ ಸರಕ್ಕನೆ ಜಾರಿ ಬಾಲ ಬೆಳೆಯಿತು. ಇನ್ನೊಮ್ಮೆ ಹಚ್ಚಿದರೆ ಇನ್ನೊಂದು ಕಡೆ ಬಾಲ. ಮೂರು ಭಾನುವಾರ ನಾನು ಪ್ರೋಗ್ರಾಮನ್ನೇ ಬೈಯುತ್ತ ಕೂತೆ. ಕಡೆಗೆ ನಾಗಮ್ಮನೇ ಹೇಳಿದರು, "ಬಾಜೂಕಿನ ಗಿರಣಿ ಶುರು ಆದಾಗ ಅದು ಹಂಗ ಮಾಡ್ತದ್ರಿ, ಕಾಶಪ್ಪನವ್ರ. ನಾ ಎರಡು ಸಲ ನೋಡೀನಿ." ಹಿಟ್ಟಿನ ಗಿರಣಿಯ ದೊಡ್ಡ ಮೋಟಾರು ಎದ್ದಾಗ ನನ್ನ ತಂತಿಗಳಲ್ಲಿ ಹುಸಿ ಮಿಡಿತ ಹುಟ್ಟುತ್ತಿತ್ತು, ನನ್ನ ಮೋಟಾರು ಅದನ್ನೂ ಅಪ್ಪಣೆ ಎಂದು ತಿಳಿಯುತ್ತಿತ್ತು.

"ನಿನ್ನ ಮಿಷನ್‌ಗೂ ನನ್ನಂಗ ಕೈ ನಡುಗ ರೋಗ," ಎಂದು ಮಾಣಿಕಪ್ಪ ತಿಂಗಳುಗಟ್ಟಲೆ ನಗುತ್ತ ಚಾಷ್ಟಿ ಮಾಡಿದರು. ಆ ಮನೆಯಲ್ಲಿ ನನ್ನನ್ನು ಚಾಷ್ಟಿ ಮಾಡುವವರು ಇದ್ದರಲ್ಲ ಎಂಬುದೇ ನನಗೆ ದೊಡ್ಡದಾಗಿತ್ತು. ನಾಗಮ್ಮನನ್ನು ನಾನು ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ ವೈನಿ ಎಂದು ಕರೆಯತೊಡಗಿದ್ದೆ.

ಪ್ರಿಂಟರ್ ಪೋರ್ಟಿನ ದಾರಿ ಬಿಟ್ಟ ಮೇಲೆ ಎರಡು ದಾರಿ ಉಳಿದವು. ಒಂದು, ನಡುವೆ ಬೆಳಕಿನ ಮೂಲಕ ಮಾತ್ರ ಸುದ್ದಿ ದಾಟಿಸುವ ಸಣ್ಣ ಫಲಕ ಹಾಕಿ, ಎಣಿಕೆಯ ಹೊಣೆಯನ್ನು ಮೋಟಾರಿಗೆ ಕರೆಂಟು ಕೊಡುವ ಪೆಟ್ಟಿಗೆಗೇ, ಎಂದರೆ ಡ್ರೈವಿಗೇ ಬಿಡುವುದು. ಲೆಕ್ಕ ತಪ್ಪಿದರೆ ಡ್ರೈವು ತಾನೇ ಕೈಚೆಲ್ಲಿ ನಿಲ್ಲುತ್ತದೆ. ಇನ್ನೊಂದು, ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವ ದೊಡ್ಡ ಕಾರ್ಡು. ಅದು ಮೋಟಾರಿನ ಕಣ್ಣನ್ನು ಓದಿಕೊಂಡು, ಎಷ್ಟು ದೂಡಬೇಕೆಂದು ತಾನೇ ನಿರ್ಧರಿಸುತ್ತದೆ. ಮೊದಲನೆಯದು ಮೊಂಡು ಎತ್ತಿನಂಥದು, ಅದರಲ್ಲಿ ನನ್ನ ಬುದ್ಧಿ ತೋರಿಸಲು ಜಾಗವಿರಲಿಲ್ಲ. ನಾನು ಎರಡನೆಯದಕ್ಕೆ ಮನಸೋತೆ.

ಹೈದರಾಬಾದಿಗೆ ಹೋಗಿ ತಂದೆ. ಅಂಗಡಿಯವನು ಎರಡು ತೋರಿಸಿದ್ದ. ಒಂದರಲ್ಲಿ ಕಣ್ಣಿನ ಪ್ರತಿ ಸುದ್ದಿಯೂ ಜೋಡಿ ತಂತಿಯಲ್ಲಿ ಬರುತ್ತದೆ, ಒಂದು ತಂತಿ ಹರಿದರೂ ಕಾರ್ಡಿಗೆ ಗೊತ್ತಾಗುತ್ತದೆ. ಮೋಟಾರಿನ ಕರೆಂಟನ್ನೇ ಕಡಿಯುವ ರಿಲೇ ಕೂಡ ಅದರಲ್ಲಿತ್ತು. ಇನ್ನೊಂದರಲ್ಲಿ ಇವು ಇರಲಿಲ್ಲ, ಆದರೆ ಅದಕ್ಕೆ ಪ್ರೋಗ್ರಾಂ ಬರೆಯುವುದು ನನಗೆ ಆಗಲೇ ಬರುತ್ತಿತ್ತು. ಅದನ್ನೇ ತಂದೆ. ಮರುದಿನ ಜೋಶಿ ಸಾಹೇಬರಿಗೆ ತೋರಿಸಿದಾಗ ಅವರು ತಿರುವಿ ಮುರುವಿ ನೋಡಿ, "ಕಣ್ಣಿನ ತಂತಿ ಹರಿದ್ರ ಇದು ಏನ್ ಮಾಡ್ತದ?" ಎಂದು ಕೇಳಿದರು.

"ಅದನ್ನೆಲ್ಲಾ ಪ್ರೋಗ್ರಾಂ ನೋಡ್ಕೋತದ್ರಿ," ಅಂದೆ. ನನಗೆ ಆಗ ಅಷ್ಟು ಸೊಕ್ಕು ಇತ್ತು.

ಈಗ ನಿಲ್ಲಿಸುವ ಗುಂಡಿಯ ಮಾತು. ಕಲ್ಲು ಕೊರೆಯುವವರಲ್ಲಿ ಒಂದು ಪದ್ಧತಿ ಇದೆ. ಒಂದು ಅಕ್ಷರಕ್ಕೆ ಉಳಿ ಹಚ್ಚಿದರೆ ಅದು ಮುಗಿಯುವ ತನಕ ಏಳಬಾರದು. ಬೀಗರು ಬಂದು ನಿಂತರೂ, ಒಳಗಿನಿಂದ ಊಟಕ್ಕೆ ಕರೆದರೂ ಮಾಣಿಕಪ್ಪ "ಅಕ್ಷರದಾಗ ಅದೀನಿ" ಎಂದು ಕೂಗುತ್ತಿದ್ದರು. ಅಷ್ಟಕ್ಕೆ ಎಲ್ಲರೂ ಕಾಯುತ್ತಿದ್ದರು. ಅರ್ಧ ಬಿಟ್ಟ ಅಕ್ಷರದ ಕಲ್ಲನ್ನು ಅವರು ಗಿರಾಕಿಗೆ ಕೊಡುತ್ತಿರಲಿಲ್ಲ, ಬಚ್ಚಲಿಗೆ ಹಾಸುತ್ತಿದ್ದರು. ಯಂತ್ರಕ್ಕೆ ಕೆಂಪು ಗುಂಡಿ ಕೂರಿಸುವಾಗ ಅವರು ಕೇಳಿದರು, "ಇದನ್ನ ಒತ್ತಿದ್ರ ಅಕ್ಷರದ ನಡುವ ನಿಂದರ್ತದೇನು?"

"ನಿಂದರ್ತದ್ರಿ."

ಅವರ ಮುಖ ಸಣ್ಣದಾಯಿತು. ನನಗೆ ಅದನ್ನು ನೋಡಲಾಗಲಿಲ್ಲ. ಗುಂಡಿಯ ತಂತಿ ಮೋಟಾರಿನ ಕರೆಂಟಿಗೆ ನೇರವಾಗಿ ಹೋಗಬೇಕು, ನಡುವೆ ಯಾರೂ ಇರಬಾರದು, ಇದು ಕಾರ್ಖಾನೆಯಲ್ಲಿ ಮೊದಲ ದಿನ ಕಲಿಸುವ ಪಾಠ. ನಾನು ಆ ತಂತಿಯನ್ನು ಬಿಚ್ಚಿ ಕಾರ್ಡಿಗೆ ಕೊಟ್ಟೆ. ಗುಂಡಿ ಒತ್ತಿದರೆ ಹಿಡಿದ ಅಕ್ಷರ ಮುಗಿಸಿ ಆಮೇಲೆ ನಿಲ್ಲು ಎಂದು ಪ್ರೋಗ್ರಾಂ ಬರೆದೆ. ತೋರಿಸಿದಾಗ ಮಾಣಿಕಪ್ಪನವರಿಗೆ ಎಷ್ಟು ಸಂತೋಷವಾಯಿತೆಂದರೆ, "ಇದು ನಮ್ಮ ಪೈಕಿ ಆತು ನೋಡು" ಎಂದು ಬೆನ್ನು ತಟ್ಟಿದರು. ನನ್ನ ಇಡೀ ನೌಕರಿಯಲ್ಲಿ ಅಂಥ ಶಾಬಾಸ್ಕಿ ಸಿಕ್ಕಿರಲಿಲ್ಲ.

ಆ ವರ್ಷದ ಖಂಡೇಪೂಜೆಯ, ಎಂದರೆ ಆಯುಧಪೂಜೆಯ ದಿನ ಉಳಿ, ಸುತ್ತಿಗೆಗಳ ಜೊತೆ ಯಂತ್ರಕ್ಕೂ ಪೂಜೆ ಆಯಿತು. ನಾಗಮ್ಮ ಕಂಪ್ಯೂಟರಿಗೆ, ಚೌಕಟ್ಟಿಗೆ ವಿಭೂತಿ ಹಚ್ಚಿ, "ಇದಕ್ಕ ಕಣ್ಣು ಎಲ್ಲದರಿ?" ಎಂದು ಕೇಳಿದರು. ಹಿಂದಿನ ದಿನ ಬಿಚ್ಚಿದ ಮುಚ್ಚಳ ಇನ್ನೂ ಹಾಕಿರಲಿಲ್ಲ, ನಾನು ನಗುತ್ತ ಮೋಟಾರಿನ ಬೆನ್ನು ತೋರಿಸಿದೆ. ಅವರು ಭಕ್ತಿಯಿಂದ ಅಲ್ಲಿಗೂ ಒಂದು ಚಿಟಿಕೆ ಹಾಕಿದರು. ಮಾಣಿಕಪ್ಪನವರ ತಮ್ಮ, ಅವರ ಹೆಂಡತಿ ಎಲ್ಲ ನೋಡುತ್ತಿದ್ದರು. ಸಂಜೆ ನಾನು ಆ ಬೂದಿಯನ್ನು ಕುಂಚದಿಂದ ಚೆನ್ನಾಗಿ ಸ್ವಚ್ಛ ಮಾಡಿ ಮುಚ್ಚಳ ಬಿಗಿದೆ. ಅದನ್ನು ಮಾತ್ರ ಯಾರೂ ನೋಡಲಿಲ್ಲ.

ಮುಂದಿನ ಭಾನುವಾರ ಮೋರಖಂಡಿಯ ಒಂದು ಬಾವಿಯ ಕಲ್ಲು ಕೊರೆಯಲು ಹಚ್ಚಿದೆವು. ಅದೇ ಮೊದಲ ಗಿರಾಕಿಯ ಕಲ್ಲು. ಮೂರು ಅಕ್ಷರ ಚಂದ ಬಂದವು. ನಾಲ್ಕನೆಯದು ಕೊರೆಯುವಾಗ ಮಾಣಿಕಪ್ಪ ಅಭ್ಯಾಸದಂತೆ ಅಂಚಿನ ಪುಡಿಯನ್ನು ಅಂಗೈಯಿಂದ ಸವರಿದರು. ಅಷ್ಟರಲ್ಲಿ ಯಂತ್ರ ಒಮ್ಮೆಲೇ ಎಡಕ್ಕೆ ಓಡಿತು. ಗುಂಡಿ ಒತ್ತಿದೆ. ಮತ್ತೆ ಒತ್ತಿದೆ. ಅದು ಅಕ್ಷರ ಮುಗಿಸಲು ನೋಡುತ್ತಿತ್ತು, ಕಣ್ಣಿನಿಂದ ಸುದ್ದಿ ಬರದೆ ಅಕ್ಷರ ಮುಗಿಯುತ್ತಲೇ ಇರಲಿಲ್ಲ. ಕೊರೆಮೊನೆಯ ದಿಂಡಿಗೂ ಕಲ್ಲನ್ನು ಹಿಡಿದಿಟ್ಟ ಕಬ್ಬಿಣಕ್ಕೂ ನಡುವೆ ಅವರ ಬಲಗೈ ಸಿಕ್ಕಿತ್ತು. ನಾನು ಗುಂಡಿ ಒತ್ತುತ್ತಲೇ ನಿಂತಿದ್ದೆ. ಗೋಡೆಯ ಕಡೆ ಓಡಿ ಕರೆಂಟಿನ ಖಟಕಾ ಕೆಳಗೆ ಎಳೆದವರು ನಾಗಮ್ಮ.

ದವಾಖಾನೆಯಲ್ಲಿ ತೋರುಬೆರಳು, ನಡುಬೆರಳು ಎರಡನ್ನೂ ತೆಗೆಯಬೇಕಾಯಿತು. ಪೆನ್ಸಿಲ್ ಹಿಡಿಯುವ ಬೆರಳುಗಳು.

ದವಾಖಾನೆಯ ವರಾಂಡದಲ್ಲಿ ಮಾಣಿಕಪ್ಪನವರ ತಮ್ಮ ಅಂದ, "ಕಣ್ಣಾಗ ಬೂದಿ ಹಾಕಿದ್ರ ಮನಷ್ಯಾರಿಗೇ ಕಾಣಂಗಿಲ್ಲ, ಅದಕ್ಕೇನು ಕಾಣ್ತದ." ನಾಗಮ್ಮ ನನ್ನ ಕಡೆ ನೋಡಿದರು. "ನನ್ನ ವಿಭೂತಿಯಿಂದ ಆತೇನ್ರಿ, ಕಾಶಪ್ಪನವ್ರ?"

"ಬಿಚ್ಚಿ ನೋಡಬೇಕ್ರಿ," ಅಂದೆ.

ಅಲ್ಲ ಎಂದು ಆಗಲೇ ಹೇಳಬಹುದಿತ್ತು. ಸ್ವಚ್ಛ ಮಾಡಿದ್ದು ನನಗೆ ನೆನಪಿತ್ತು. ಮೂರನೇ ದಿನ ಊಟದ ಬಿಡುವಿನಲ್ಲಿ, ಶೆಡ್ಡಿನಿಂದ ತಂತಿ ಸಮೇತ ತಂದಿದ್ದ ಮೋಟಾರನ್ನು ಕಾರ್ಖಾನೆಯ ಮೇಜಿನ ಮೇಲೆ ಬಿಚ್ಚಿದೆ. ಕಣ್ಣು ಕನ್ನಡಿಯ ಹಾಗೆ ಇತ್ತು. ಹರಿದದ್ದು ತಂತಿ. ಯಂತ್ರದ ಜೊತೆ ಸದಾ ಬಾಗುವ ಕಡೆ, ಬಾಗುವುದಕ್ಕಲ್ಲದ ಬಿರುಸು ತಂತಿ ಹಾಕಿದ್ದೆ. ಮೇಲಿನ ಕವಚ ಹಾಗೇ ಇದ್ದು ಒಳಗಿನ ಎಳೆ ತುಂಡಾಗಿತ್ತು. ಮೋಟಾರು ಓಡಿದಷ್ಟೂ ಕಾರ್ಡಿಗೆ ಅದು ನಿಂತೇ ಇದೆ ಎಂದು ಕಾಣುತ್ತಿತ್ತು, ಅದಕ್ಕೇ ಇನ್ನಷ್ಟು ದೂಡುತ್ತಿತ್ತು. ತಂತಿ ನಾನು ಆರಿಸಿದ್ದು. ಕಾರ್ಡು ನಾನು ಆರಿಸಿದ್ದು. ಗುಂಡಿ ನಾನು ಜೋಡಿಸಿದ್ದು. ಜೋಶಿ ಸಾಹೇಬರು ಬಂದು ಪಕ್ಕದಲ್ಲಿ ನಿಂತು ಎಲ್ಲ ನೋಡಿದರು. "ಅವರ ಮನಿಗೆ ಹೋಗಿ ಹೇಳಿ ಬಾ," ಎಂದಷ್ಟೇ ಹೇಳಿದರು.

ಹೋದೆ. ಶೆಡ್ಡಿನ ತನಕ ಹೋದೆ. ಹೊರಗಿನಿಂದಲೇ ಕಂಡಿತು, ನಾಗಮ್ಮ ಗಂಡನಿಗೆ ತುತ್ತು ಮಾಡಿ ಉಣಿಸುತ್ತಿದ್ದರು. ಹೇಳಿದರೆ ಈ ಬಾಗಿಲು ನನಗೆ ಮುಚ್ಚಿಹೋಗುತ್ತದೆ ಎಂದು ಹೆದರಿದೆ. ನಾಳೆ ಹೇಳೋಣ ಎಂದು ತಿರುಗಿ ಬಂದೆ. ಮುಂದಿನ ಭಾನುವಾರವೂ ಹಾಗೇ ಆಯಿತು. ಆಮೇಲೆ ಹೇಳದೆ ಅವರ ಎದುರು ಕೂರುವುದೂ ಆಗದೆ, ಹೋಗುವುದನ್ನೇ ಬಿಟ್ಟೆ. ಆ ಬಾಗಿಲನ್ನು ಬೇರೆ ಯಾರೂ ಮುಚ್ಚಲಿಲ್ಲ. ಹುಮನಾಬಾದಿನ ಖೋಲಿಯಲ್ಲಿ ಮತ್ತೆ ಮೊದಲಿನ ಭಾನುವಾರಗಳು ಶುರುವಾದವು. ಮೊದಲು ಬರೀ ಒಂಟಿ ಇದ್ದೆ, ಈಗ ಹೇಡಿಯೂ ಆಗಿದ್ದೆ.

ಕೆಲಸ ನಡೆಯಿತು. ಹೊಸ ಕಂಪ್ಯೂಟರುಗಳಲ್ಲಿ ನನ್ನ ಕಾರ್ಡು ಕೂರುವ ಜಾಗವೇ ಹೋಯಿತು, ಆಮೇಲೆ ಪ್ರಿಂಟರ್ ಪೋರ್ಟೂ ಹೋಯಿತು, ಎಲ್ಲವೂ ಯುಎಸ್‌ಬಿ ಆಯಿತು. ಕಾರ್ಖಾನೆಗೆ ಬರುವ ಪ್ರತಿ ಹೊಸ ಯಂತ್ರದ ಕೆಂಪು ಗುಂಡಿಯ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಬೆರಳಿಟ್ಟು ಹಿಂಬಾಲಿಸಿ ನೋಡುತ್ತಿದ್ದೆ. ಜೊತೆಯವರು ನಗುತ್ತಿದ್ದರು. ಮಾಣಿಕಪ್ಪ ತೀರಿಕೊಂಡ ಸುದ್ದಿ ಬಂದಾಗ ಮಣ್ಣಿಗೆ ಹೋಗಿ ಎಲ್ಲರ ಹಿಂದೆ ನಿಂತು ಬಂದೆ.

ನಿವೃತ್ತನಾದ ಮೇಲೆ ಮೊದಲು ಮಾಡಿದ್ದು ಬಸವಕಲ್ಯಾಣದ ಬಸ್ಸು ಹತ್ತಿದ್ದು. ನಾಗಮ್ಮ ಈಗ ಮೈದುನನ ಮನೆಯಲ್ಲಿದ್ದರು. ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಗುರುತು ಹಿಡಿದು, "ಕೂಡ್ರಿ" ಅಂದರು. ಕೂತು ಎಲ್ಲ ಹೇಳಿದೆ. ಅವರು ಮೊರ ಕೆಳಗಿಟ್ಟರು.

"ವಿಭೂತಿಯಿಂದ ಅಲ್ಲ?"

"ಅಲ್ರಿ ವೈನಿ."

"ನಿಮಗ ಯಾವಾಗ ಗೊತ್ತಾತು?"

"ಮೂರನೇ ದಿನಕ್ಕ."

"ಮೂರನೇ ದಿನಕ್ಕ," ಅಂದರು. ಆಮೇಲೆ ಹೇಳಿದರು, "ಆವತ್ತಿನಿಂದ ಈ ಮನ್ಯಾಗ ಹೊಸ ಬಾಗಲಕ್ಕ, ಹೊಸ ಟ್ರ್ಯಾಕ್ಟರಿಗೆ, ಕೂಸಿನ ತೊಟ್ಟಲಕ್ಕ ನನ್ನ ಕೈ ಮುಟ್ಟಿಸಿಲ್ರಿ. ಅದು ಹೋಗ್ಲಿ. ನಮ್ಮವರು ಇರೂತನಕ ನನಗ ಒಂದು ಮಾತು ಅನ್ನಲಿಲ್ಲ. ನಾ ಅತ್ತರ, ಹೋಗ್ಲಿ ಬಿಡು ಅಂತಿದ್ರು. ತಪ್ಪು ಮಾಡಿದವರಿಗೇ ಹಂಗ ಅಂತಾರಲ್ರಿ."



ಅವರು ಒಳಗೆ ಮುಖ ಮಾಡಿ ನೆಗೆಣ್ಣಿಯನ್ನು, ಎಂದರೆ ಮೈದುನನ ಹೆಂಡತಿಯನ್ನು ಕರೆದರು. "ಇಕಿ ಮುಂದ ಹೇಳ್ರಿ."

ನಾನು ತಂತಿಯಿಂದ ಶುರು ಮಾಡಿ ಕಾರ್ಡಿನ ಬಗ್ಗೆ ಹೇಳತೊಡಗಿದೆ. ಆಕೆ ಏನೂ ತಿಳಿಯದೆ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ನಾಗಮ್ಮ ತಡೆದರು. "ಅದೆಲ್ಲಾ ಬ್ಯಾಡ್ರಿ. ಯಾರಿಂದ ಆತು, ಅಷ್ಟ ಹೇಳ್ರಿ."

"ನನ್ನಿಂದ ಆತ್ರಿ. ವೈನಿಯವ್ರದು ಏನೂ ತಪ್ಪಿಲ್ಲ."

"ಮೈದುನ ಹೊಲಕ್ಕ ಹೋಗ್ಯಾನ," ಅಂದರು ನಾಗಮ್ಮ. "ಸಂಜಿಕ ಬರ್ತಾನ. ಅಲ್ಲಿತನಕ ಕೂಡ್ರಿ. ಅವನ ಮುಂದೂ ಹೇಳ್ರಿ."

ಕಟ್ಟೆಯ ಮೇಲೆ ಸಂಜೆಯ ತನಕ ಕೂತೆ. ಚಹಾ ಬರಲಿಲ್ಲ, ಯಾರೂ ಮಾತಾಡಿಸಲಿಲ್ಲ. ಮೈದುನ ಬಂದ. ಕಾಲು ತೊಳೆದು ಎದುರಿಗೆ ಕೂತವನ ಮುಂದೆ ಮತ್ತೆ ಹೇಳಿದೆ. ಈ ಸಲ ಕಾರ್ಡಿನ ಹೆಸರೇ ನನ್ನ ಬಾಯಿಗೆ ಬರಲಿಲ್ಲ. ಅವನು ನೆಲ ನೋಡುತ್ತ ಕೂತ. ಅವನ ಹೆಂಡತಿ ಒಳಗೆ ಹೋಗಿ ಮೊಮ್ಮಗುವನ್ನು ಎತ್ತಿ ತಂದು ನಾಗಮ್ಮನ ತೊಡೆಯ ಮೇಲೆ ಮಲಗಿಸಿದಳು. ನಾಗಮ್ಮ ಕೂಸಿನ ಹಣೆಯ ಮೇಲೆ ಕೈ ಇಟ್ಟರು, ತೆಗೆಯಲಿಲ್ಲ.

ಬಸ್ಸಿನ ಹೊತ್ತಾಗಿತ್ತು. ಎದ್ದು ಚಪ್ಪಲಿ ಮೆಟ್ಟಿಕೊಂಡೆ.

"ಬರ್ತೀನ್ರಿ ವೈನಿ," ಅಂದೆ.

ಅವರು ಕೂಸಿನಿಂದ ಕಣ್ಣು ಎತ್ತಲಿಲ್ಲ.

"ಹೋಗ್ರಿ," ಅಂದರು.